ಕಂಪ್ಯೂಟರ್ ಪ್ರಶ್ನೋತ್ತರ: ಒಂದೇ ಫೈಲಿನಲ್ಲಿ ಅಂಗಡಿ, ರೈತ, ಲಾಟು

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ತೊಡಕಿನ ಸುತ್ತ ಇವೆ. ಬ್ಯಾಡಗಿ, ಹುಬ್ಬಳ್ಳಿ, ಗದಗ ಮತ್ತು ಧಾರವಾಡದ ಈ ಓದುಗರು ಬೇರೆ ಬೇರೆ ಕೆಲಸದಲ್ಲಿದ್ದರೂ ಎಲ್ಲರ ಮುಂದಿರುವುದು ಸಾದಾ ಟೆಕ್ಸ್ಟ್ ಫೈಲ್. ಅದರ ಸಾಲುಗಳು ಬೇರೆ ಬೇರೆ ಬಗೆಯವು. ಯಾವ ಸಾಲು ಯಾರಿಗೆ ಸೇರಿದ್ದೆಂಬುದು ಬಹುಮಟ್ಟಿಗೆ ಅದರ ಮೇಲಿನ ಸಾಲುಗಳಿಂದಲೇ ತಿಳಿಯಬೇಕು. ಆದ್ದರಿಂದ ಇವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದೇ ಮನೆತನದ ಎರಡು ದಲಾಲಿ ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ದಿನದ ವಹಿವಾಟನ್ನೆಲ್ಲ ಒಂದು ಟೆಕ್ಸ್ಟ್ ಫೈಲಿಗೆ ಬರೆದುಕೊಡುತ್ತದೆ. ಒಂದು ತುಣುಕನ್ನು ರೈತರ ಹೆಸರು ತೆಗೆದು ಕೆಳಗೆ ಕೊಟ್ಟಿದ್ದೇನೆ. ಪ್ರತಿ ಸಾಲಿನ ಮೊದಲಿಗೆ ಅದರ ಬಗೆಯ ಕೋಡ್ ಇದೆ: 10 ಅಂಗಡಿ, 20 ರೈತ, 30 ಲಾಟು (ಸಂಖ್ಯೆ, ತಳಿ, ಚೀಲ), 40 ಖರ್ಚು, 90 ಮುಕ್ತಾಯ. ಅದನ್ನು ಎಕ್ಸೆಲ್‌ನಲ್ಲಿ ತೆರೆದು ತಳಿಯ ಪ್ರಕಾರ ಸಾರ್ಟ್ ಮಾಡಿದರೆ ಯಾವ ಲಾಟು ಯಾವ ರೈತರದ್ದೆಂಬುದೇ ತಿಳಿಯದಂತಾಗುತ್ತದೆ. ಪ್ರತಿ ಲಾಟಿನ ಮುಂದೆ ಅಂಗಡಿ ಮತ್ತು ರೈತರ ಸಂಖ್ಯೆ ಬರುವಂತೆ ಮಾಡುವುದು ಹೇಗೆ?

10|12-02-2024|ಅಂಗಡಿ 1
20|5061|ಮೋಟೆಬೆನ್ನೂರು
30|881|ಕಡ್ಡಿ|12
30|882|ಡಬ್ಬಿ|7
40|ಹಮಾಲಿ|95
20|5077|ಶಿಗ್ಗಾವಿ
30|883|ಕಡ್ಡಿ|20
40|ಹಮಾಲಿ|100
90|3|39

ಉತ್ತರ: ಮೊದಲು ಸಾರ್ಟ್ ಮಾಡುವುದನ್ನು ನಿಲ್ಲಿಸಿ. ಹಳೆಯ ಕಿರ್ದಿಯಲ್ಲಿ ಹೆಸರನ್ನು ಒಮ್ಮೆ ಬರೆದು, ಅದರ ಕೆಳಗಿನ ಕಲಮುಗಳಿಗೆ ಬರೀ ಮೊತ್ತ ಬರೆಯುತ್ತಿದ್ದಂತೆ ಈ ಫೈಲಿನಲ್ಲಿಯೂ 882ನೆಯ ಲಾಟು 5061ನೆಯ ರೈತರದ್ದು ಎಂಬ ಸಂಗತಿ ಆ ಸಾಲಿನಲ್ಲಿ ಎಲ್ಲಿಯೂ ಬರೆದಿಲ್ಲ. ಅದು ಸಾಲುಗಳ ಅನುಕ್ರಮದಲ್ಲಿ ಮಾತ್ರ ಇದೆ. ಅನುಕ್ರಮ ಕೆಡಿಸಿ ಸೇವ್ ಮಾಡಿದ ಪ್ರತಿಯಿಂದ ಅದನ್ನು ಮರಳಿ ಪಡೆಯಲಾಗದು, ಮೂಲ ಫೈಲಿಗೇ ಹೋಗಬೇಕು. ಹೀಗಾಗಿ ಫೈಲನ್ನು ತೆರೆದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ಒಂದು ಹೊಸ ಕಾಲಂನಲ್ಲಿ ಸಾಲಿನ ಸಂಖ್ಯೆಯನ್ನು ತುಂಬಿಡುವುದು. ಫೈಲನ್ನು ಎಕ್ಸೆಲ್‌ಗೆ ತರುವಾಗ ಎಲ್ಲ ಕಾಲಂಗಳನ್ನೂ ಟೆಕ್ಸ್ಟ್ ಎಂದೇ ಆರಿಸಿಕೊಳ್ಳಿ, ಇಲ್ಲವಾದರೆ ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳ ಸೊನ್ನೆ ಹಾರಿಹೋಗುತ್ತದೆ ಮತ್ತು 3-12 ಎಂಬಂಥ ಲಾಟು ಸಂಖ್ಯೆ ತಾರೀಖಾಗಿ ಬದಲಾಗುತ್ತದೆ.

ಮುಂದಿನ ಕೆಲಸಕ್ಕೆ ಪ್ರೋಗ್ರಾಂ ಬರೆಯಲೇಬೇಕೆಂದಿಲ್ಲ. ಅಂಗಡಿಗೊಂದು, ರೈತರಿಗೊಂದು ಕಾಲಂ ಸೇರಿಸಿ. ರೈತರ ಕಾಲಂನ ಸೂತ್ರ ಹೀಗಿರಲಿ: ಈ ಸಾಲಿನ ಕೋಡ್ 20 ಆಗಿದ್ದರೆ ಇದೇ ಸಾಲಿನ ರೈತ ಸಂಖ್ಯೆಯನ್ನು ತೆಗೆದುಕೊ, 10 ಆಗಿದ್ದರೆ ಖಾಲಿ ಬಿಡು, ಉಳಿದ ಯಾವುದೇ ಕೋಡ್ ಆಗಿದ್ದರೆ ಮೇಲಿನ ಕೋಶದಲ್ಲಿರುವುದನ್ನೇ ಇಳಿಸಿಕೊ. ಅಂಗಡಿಯ ಕಾಲಂ ಇನ್ನೂ ಸರಳ: 10 ಬಂದಲ್ಲಿ ಹೊಸದು, ಉಳಿದೆಡೆ ಮೇಲಿನದು. ಸೂತ್ರ ಕೆಳಗಿನವರೆಗೆ ಎಳೆದ ಬಳಿಕ ಆ ಕಾಲಂಗಳನ್ನು ನಕಲಿಸಿ ಅಲ್ಲಿಯೇ ಮೌಲ್ಯಗಳಾಗಿ ಅಂಟಿಸಿ. ಹಾಗೆ ಮಾಡದೆ ಸಾರ್ಟ್ ಮಾಡಿದರೆ ಸೂತ್ರಗಳು ಹೊಸ ನೆರೆಯ ಕೋಶವನ್ನು ನೋಡತೊಡಗಿ ಮತ್ತೆ ಮೊದಲಿನ ಪಾಡೇ ಆಗುತ್ತದೆ. ಇದಾದ ಮೇಲೆ 30 ಇರುವ ಸಾಲುಗಳನ್ನಷ್ಟೇ ಫಿಲ್ಟರ್ ಮಾಡಿದರೆ ನಿಮಗೆ ಬೇಕಾದ ಪಟ್ಟಿ ಸಿಗುತ್ತದೆ.

10 ಬಂದಾಗ ರೈತರ ಕಾಲಂ ಖಾಲಿಯಾಗಬೇಕು ಎಂದದ್ದನ್ನು ಹಗುರವಾಗಿ ಕಾಣಬೇಡಿ. ಎರಡನೆಯ ಅಂಗಡಿಯ ಮೊದಲ 20 ಸಾಲು ಯಾವುದೋ ಕಾರಣಕ್ಕೆ ಬಿಟ್ಟುಹೋಗಿದೆ ಎಂದುಕೊಳ್ಳೋಣ. ಹಳೆಯ ರೈತ ಸಂಖ್ಯೆಯನ್ನು ಅಳಿಸದಿದ್ದರೆ ಎರಡನೆಯ ಅಂಗಡಿಯ ಮೊದಲ ಲಾಟು ಮೊದಲ ಅಂಗಡಿಯ ಕೊನೆಯ ರೈತರಾದ 5077ರ ಹೆಸರಿಗೆ ಹೋಗಿ ಕೂರುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಚೀಲಗಳ ಒಟ್ಟು ಲೆಕ್ಕವೂ ತಪ್ಪುವುದಿಲ್ಲ, ರೈತರ ಬಿಲ್ಲಿನ ಪಟ್ಟಿ ಮಾತ್ರ ಬೇರೊಬ್ಬರ ಹೆಸರಿನಲ್ಲಿ ಹೊರಡುತ್ತದೆ. ಖಾಲಿ ಕೋಶವಾದರೆ ಕಣ್ಣಿಗೆ ಬೀಳುತ್ತದೆ. ಇಂಥ ಫೈಲುಗಳಲ್ಲಿ ತಂದೆಯಿಲ್ಲದ ಸಾಲು, ಅಂದರೆ ತಾನು ಸೇರಬೇಕಾದ ಮೇಲಿನ ಸಾಲೇ ಇಲ್ಲದ್ದು, ಸಿಕ್ಕರೆ ಕೆಲಸ ಅಲ್ಲಿಯೇ ನಿಲ್ಲಬೇಕು, ಊಹಿಸಿಕೊಂಡು ಮುಂದುವರಿಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ 40ರ ಸಾಲನ್ನು ನೋಡಿ. 882ನೆಯ ಲಾಟಿನ ಬೆನ್ನಿಗೇ ಬಂದಿರುವ ಈ ಹಮಾಲಿ ಆ ಲಾಟಿಗೆ ಸೇರಿದ್ದೋ ರೈತರಿಗೆ ಸೇರಿದ್ದೋ ಎಂಬುದನ್ನು ಕೋಡ್ ಹೇಳುವುದಿಲ್ಲ. ನಿಮ್ಮ ತುಣುಕಿನಲ್ಲಿ ಮಾತ್ರ ಒಂದು ಸುಳಿವಿದೆ: 5061ರ ಎರಡೂ ಲಾಟು ಸೇರಿ 19 ಚೀಲಕ್ಕೆ 95 ರೂಪಾಯಿ, 5077ರ 20 ಚೀಲಕ್ಕೆ 100 ರೂಪಾಯಿ, ಅಂದರೆ ಎರಡೂ ಕಡೆ ಚೀಲಕ್ಕೆ 5 ರೂಪಾಯಿಯಂತೆ ಸರಿಹೊಂದುತ್ತದೆ. ಬರೀ 882ರ 7 ಚೀಲಕ್ಕೆ 95 ಆಗಲಾರದು. ಆದ್ದರಿಂದ 40 ಎಂಬುದು 30ರ ಮಗನಲ್ಲ, 30ರ ಜೊತೆಯ ಮಗ. ಎರಡಕ್ಕೂ ತಂದೆ 20. ಹೀಗೆ ಸುಳಿವು ಸಿಕ್ಕಿದ್ದರೂ ಸಾಫ್ಟ್‌ವೇರ್ ಕೊಟ್ಟವರಿಂದ ಫೈಲಿನ ವಿನ್ಯಾಸದ ಹಾಳೆಯನ್ನು ಕೇಳಿ ತರಿಸಿಕೊಳ್ಳಿ, ಏಕೆಂದರೆ ಒಂದೇ ಲಾಟು ತಂದ ರೈತರ ಸಾಲುಗಳನ್ನು ನೋಡಿ ಈ ವ್ಯತ್ಯಾಸವನ್ನು ಯಾರೂ ಗುರುತಿಸಲಾರರು.

ಹಮಾಲಿಯನ್ನು ಲಾಟುಗಳ ಪಟ್ಟಿಯಲ್ಲಿಯೇ ಇನ್ನೊಂದು ಕಾಲಂ ಆಗಿ ಸೇರಿಸುವ ಆಸೆ ಬರುವುದು ಸಹಜ. ಸೇರಿಸಿದರೆ 5061ರ ಎರಡು ಲಾಟುಗಳ ಮುಂದೆಯೂ 95 ಬಂದು, ಮೊತ್ತ ಹಾಕಿದಾಗ 190 ಆಗುತ್ತದೆ. ರೈತರ ಮಟ್ಟದ ಸಂಗತಿಗಳಿಗೆ ಒಂದು ಹಾಳೆ, ಲಾಟಿನ ಮಟ್ಟದ ಸಂಗತಿಗಳಿಗೆ ಇನ್ನೊಂದು ಹಾಳೆ ಇಟ್ಟು, ಎರಡರಲ್ಲಿಯೂ ರೈತ ಸಂಖ್ಯೆ ಇರುವಂತೆ ನೋಡಿಕೊಳ್ಳಿ. ಒಬ್ಬರೇ ರೈತರು ಅದೇ ದಿನ ಎರಡೂ ಅಂಗಡಿಗಳಿಗೆ ಮಾಲು ತಂದಿರಬಹುದಾದ್ದರಿಂದ ಅಂಗಡಿ ಮತ್ತು ತಾರೀಖನ್ನೂ ಜೊತೆಗಿಡಬೇಕು. ಕೊನೆಯ 90ರ ಸಾಲು 3 ಲಾಟು, 39 ಚೀಲ ಎನ್ನುತ್ತದೆ. ನಿಮ್ಮ ಹಾಳೆಯ ಲೆಕ್ಕವೂ ಪ್ರತಿ ಅಂಗಡಿಗೆ ಹಾಗೆಯೇ ಬರಬೇಕು. ಈ ಮುಕ್ತಾಯದ ಸಾಲನ್ನು ನಿರುಪಯುಕ್ತವೆಂದು ಮೊದಲೇ ಅಳಿಸುವವರೇ ಹೆಚ್ಚು, ಆದರೆ ಫೈಲು ಪೂರ್ತಿ ಬಂದಿದೆ ಎಂಬುದಕ್ಕೆ ಅದರೊಳಗೇ ಇರುವ ಸಾಕ್ಷಿ ಅದೊಂದೇ.

ಮುಂದೆ ಯಾರಾದರೂ ನಿಮಗೆ ಇದನ್ನು ಪೈಥಾನ್‌ನಲ್ಲಿ ಬರೆದುಕೊಡುವುದಾದರೆ ಅವರಿಗೆ ಹೇಳಬೇಕಾದದ್ದು ಇಷ್ಟು: ಯಾವ ಕೋಡಿಗೆ ಯಾವ ಕೋಡ್ ತಂದೆಯಾಗಬಹುದು ಎಂಬ ಪುಟ್ಟ ಕೋಷ್ಟಕ ಮೊದಲು ಬೇಕು. ಇಲ್ಲಿ 20 ಮತ್ತು 90ಕ್ಕೆ 10, 30 ಮತ್ತು 40ಕ್ಕೆ 20. ಈಗ ತೆರೆದಿರುವ ಸಾಲುಗಳನ್ನು ಒಂದರ ಮೇಲೊಂದು ಸ್ಟ್ಯಾಕ್‌ನಲ್ಲಿ ಇಟ್ಟುಕೊಂಡು, ಹೊಸ ಸಾಲು ಬಂದಾಗ ಅದಕ್ಕೆ ತಂದೆಯಾಗಬಲ್ಲ ಸಾಲು ತುದಿಯಲ್ಲಿ ಕಾಣುವವರೆಗೆ ಮೇಲಿನವನ್ನು ತೆಗೆಯುತ್ತ ಹೋಗಬೇಕು. ತೆಗೆಯುತ್ತ ತೆಗೆಯುತ್ತ ಸ್ಟ್ಯಾಕ್ ಬರಿದಾದರೆ ಆ ಸಾಲಿಗೆ ತಂದೆಯಿಲ್ಲ, ಆಗ ಸಾಲಿನ ಸಂಖ್ಯೆ ತೋರಿಸಿ ನಿಲ್ಲಬೇಕು. 10 ಮಾತ್ರ ಎಲ್ಲಕ್ಕೂ ಮೇಲಿನದಾದ್ದರಿಂದ ಅದು ಬಂದಾಗ ಸ್ಟ್ಯಾಕ್ ಬರಿದಾಗುವುದೇ ಸರಿ.

ಪ್ರಶ್ನೆ: ಹುಬ್ಬಳ್ಳಿಯ ಕರ ಸಲಹೆಗಾರರ ಕಚೇರಿಯೊಂದರಲ್ಲಿದ್ದೇನೆ. ಟಿಡಿಎಸ್ ರಿಟರ್ನ್‌ನ 26ಕ್ಯೂ (ಸಂಬಳವಲ್ಲದ ಪಾವತಿಗಳ) ಟೆಕ್ಸ್ಟ್ ಫೈಲಿನಲ್ಲಿ ಹಣ ಪಡೆದವರೊಬ್ಬರ ಸಾಲು ಎರಡು ಸಲ ಬಂದಿತ್ತು. ನೋಟ್‌ಪ್ಯಾಡಿನಲ್ಲಿ ಒಂದು ಸಾಲನ್ನು ಅಳಿಸಿದೆ. ಆಮೇಲೆ ಎಫ್‌ವಿಯು (ಫೈಲನ್ನು ತಪಾಸಿಸುವ ಸಾಫ್ಟ್‌ವೇರ್) ಒಂದರ ಹಿಂದೊಂದು ದೋಷ ತೋರಿಸುತ್ತಿದೆ. ಒಂದು ಸಾಲು ತೆಗೆದದ್ದಕ್ಕೆ ಇಷ್ಟೇಕೆ? ಇದೇ ಫೈಲನ್ನು ನಮ್ಮ ಜಾವಾ ಪ್ರೋಗ್ರಾಂಗೆ ಓದಿಸಲು ಹೋದರೆ ಇಡೀ ಸಾಲು ಒಂದೇ ತುಂಡಾಗಿ ಬರುತ್ತದೆ.

ಉತ್ತರ: ಬ್ಯಾಡಗಿಯ ಫೈಲಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಟಿಡಿಎಸ್ ಫೈಲಿನಲ್ಲಿ ಸಂಬಂಧವನ್ನು ಅನುಕ್ರಮದ ಜೊತೆಗೆ ಸಂಖ್ಯೆಗಳಲ್ಲಿಯೂ ಬರೆದಿರುತ್ತಾರೆ. ಮೇಲೆ ಎಫ್‌ಎಚ್ ಎಂಬ ಫೈಲ್ ಹೆಡರ್, ಅದರ ಕೆಳಗೆ ಬಿಎಚ್ ಎಂಬ ಬ್ಯಾಚ್ ಹೆಡರ್, ಆಮೇಲೆ ಪ್ರತಿ ಚಲನ್‌ಗೆ ಒಂದು ಸಿಡಿ ಸಾಲು ಮತ್ತು ಆ ಚಲನ್‌ಗೆ ಸೇರಿದ, ಹಣ ಪಡೆದವರ ಡಿಡಿ ಸಾಲುಗಳು. ಪ್ರತಿ ಸಾಲಿನ ಮೊದಲ ಅಂಕಣ ಸಾಲಿನ ಸಂಖ್ಯೆ, ಎರಡನೆಯದು ಸಾಲಿನ ಬಗೆ, ಅಂಕಣಗಳ ನಡುವೆ ^ ಚಿಹ್ನೆ. ಡಿಡಿ ಸಾಲಿನಲ್ಲಿ ತಾನು ಯಾವ ಬ್ಯಾಚಿನ, ಎಷ್ಟನೆಯ ಚಲನ್‌ನ, ಹಣ ಪಡೆದ ಎಷ್ಟನೆಯವರ ಸಾಲು ಎಂಬ ಸಂಖ್ಯೆಗಳಿವೆ. ಸಿಡಿ ಸಾಲಿನಲ್ಲಿ ತನ್ನ ಕೆಳಗೆ ಎಷ್ಟು ಡಿಡಿ ಇವೆ, ಅವುಗಳ ಮೊತ್ತ ಎಷ್ಟು ಎಂಬ ಲೆಕ್ಕವಿದೆ.

ನೀವು ಒಂದು ಸಾಲು ತೆಗೆದಾಗ ಅದರ ಕೆಳಗಿನ ಎಲ್ಲ ಸಾಲುಗಳ ಸಂಖ್ಯೆ ಒಂದೊಂದು ಹೆಚ್ಚಾಗಿ ಉಳಿಯಿತು, ಅದೇ ಚಲನ್‌ನ ಮುಂದಿನ, ಹಣ ಪಡೆದವರ ಕ್ರಮಸಂಖ್ಯೆಯಲ್ಲಿ ನಡುವೆ ಒಂದು ಬಿಟ್ಟುಹೋಯಿತು, ಸಿಡಿ ಸಾಲು ಹೇಳುವ ಎಣಿಕೆ ಮತ್ತು ಮೊತ್ತ ಎರಡೂ ಸುಳ್ಳಾದವು. ಎಫ್‌ವಿಯು ಇವನ್ನೆಲ್ಲ ಎತ್ತಿ ತೋರಿಸುವುದು ಅದರ ಕೆಲಸವೇ. ನೋಟ್‌ಪ್ಯಾಡಿನಲ್ಲಿ ಒಂದೊಂದನ್ನೇ ಸರಿಪಡಿಸುತ್ತ ಕೂರುವುದಕ್ಕಿಂತ, ರಿಟರ್ನ್ ತಯಾರಿಸಿದ ಸಾಫ್ಟ್‌ವೇರ್‌ಗೇ ಹೋಗಿ ಅಲ್ಲಿ ಆ ನಮೂದನ್ನು ಅಳಿಸಿ ಫೈಲನ್ನು ಹೊಸದಾಗಿ ಬರೆಸುವುದೇ ಸರಿಯಾದ ದಾರಿ. ಅಂದಹಾಗೆ, ಸಂಬಳದ 24ಕ್ಯೂ ಫೈಲಿಗೆ ನಿಮ್ಮ ಪ್ರೋಗ್ರಾಂ ಅನ್ನು ಬಳಸುವಿರಾದರೆ ಕೊನೆಯ ತ್ರೈಮಾಸಿಕದಲ್ಲಿ ಎಸ್‌ಡಿ ಎಂಬ ಸಂಬಳದ ಸಾಲುಗಳೂ ಅವುಗಳ ಕೆಳಗೆ ಕಡಿತಗಳ ಉಪಸಾಲುಗಳೂ ಬರುತ್ತವೆ, ಸಿಡಿ ಮತ್ತು ಡಿಡಿ ಮಾತ್ರ ಬಲ್ಲ ಪ್ರೋಗ್ರಾಂ ಅಲ್ಲಿ ತಡವರಿಸುತ್ತದೆ.

ಜಾವಾದ ತೊಂದರೆ ಬೇರೆಯದು. ಅದರ ಸ್ಪ್ಲಿಟ್ ಆಜ್ಞೆ ತನಗೆ ಕೊಟ್ಟ ಚಿಹ್ನೆಯನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್ (ಅಕ್ಷರಗಳ ವಿನ್ಯಾಸವನ್ನು ಹುಡುಕುವ ಸೂತ್ರ) ಎಂದು ಓದುತ್ತದೆ, ಅಲ್ಲಿ ^ ಎಂದರೆ ಸಾಲಿನ ಆರಂಭ. ಹೀಗಾಗಿ ಸಾಲು ಎಲ್ಲಿಯೂ ತುಂಡಾಗುವುದಿಲ್ಲ. ಚಿಹ್ನೆಯ ಹಿಂದೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ. ಅಷ್ಟಕ್ಕೇ ಬಿಡದೆ, ಎರಡನೆಯ ಪ್ಯಾರಾಮೀಟರ್ ಆಗಿ ಮೈನಸ್ 1 ಕೊಡಿ, ಇಲ್ಲವಾದರೆ ಸಾಲಿನ ಕೊನೆಯಲ್ಲಿರುವ ಖಾಲಿ ಅಂಕಣಗಳನ್ನು ಜಾವಾ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಟಿಡಿಎಸ್ ಸಾಲುಗಳ ಕೊನೆಗೆ ಖಾಲಿ ಅಂಕಣಗಳು ಇರುವುದು ಸಾಮಾನ್ಯ.

ಪ್ರಶ್ನೆ: ಗದಗ ಜಿಲ್ಲೆಯ ಸಹಕಾರ ಸಂಘಗಳ ಸಾಲದ ಮಾಹಿತಿಯನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ನನ್ನದು. ಫೈಲಿನಲ್ಲಿ 01 ಸದಸ್ಯ, 02 ಸಾಲ, 03 ಕಂತು. 01ರಲ್ಲಿ ಕೋಡ್ ಆದ ಮೇಲೆ ಊರಿಗೆ 30 ಸ್ಥಾನ, ಆಮೇಲೆ ಸದಸ್ಯ ಸಂಖ್ಯೆ. ಊರು ಇಂಗ್ಲಿಷಿನಲ್ಲಿದ್ದಾಗ ಸರಿಯಿತ್ತು. ಕನ್ನಡದಲ್ಲಿ ಬಂದಾಗಿನಿಂದ ಗದಗ ಎಂದಿರುವ ಸಾಲಿನಲ್ಲಿ ಸದಸ್ಯ ಸಂಖ್ಯೆ 6 ಸ್ಥಾನ ಮುಂಚೆಯೇ ಬರುತ್ತದೆ, ಹುಬ್ಬಳ್ಳಿ ಎಂದಿರುವಲ್ಲಿ 18 ಸ್ಥಾನ ಮುಂಚೆ. ಹಿಂದಿನ ಡೆವಲಪರ್ ಬರೆದ ಪ್ರೋಗ್ರಾಂ ಸದಸ್ಯ ಸಂಖ್ಯೆ ಸಿಗದ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ.

ಉತ್ತರ: 6 ಮತ್ತು 18 ಎಂಬ ನಿಮ್ಮ ಅಂಕಿಗಳಲ್ಲಿಯೇ ಕಾರಣ ಅಡಗಿದೆ. ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ಗದಗ ಎಂಬುದು 3 ಸಂಕೇತ, 9 ಬೈಟ್. ಹುಬ್ಬಳ್ಳಿ ಎಂಬುದು ಕಣ್ಣಿಗೆ ಮೂರೇ ಅಕ್ಷರವಾದರೂ ಉಕಾರ, ಇಕಾರ ಮತ್ತು ಒತ್ತಕ್ಷರಗಳಲ್ಲಿ ಅಡಗಿರುವ ಎರಡು ಹಲಂತ ಚಿಹ್ನೆಗಳನ್ನು ಬಿಡಿಯಾಗಿ ಎಣಿಸಿದರೆ 9 ಸಂಕೇತ, 27 ಬೈಟ್. ಫೈಲು ಬರೆದ ಪ್ರೋಗ್ರಾಂ 30 ಬೈಟ್ ತುಂಬುವಷ್ಟು ಖಾಲಿ ಜಾಗ ಸೇರಿಸಿದೆ, ನಿಮ್ಮ ಪ್ರೋಗ್ರಾಂ 30 ಸಂಕೇತಗಳನ್ನು ಎಣಿಸುತ್ತಿದೆ. ಪ್ರತಿ ಸಂಕೇತಕ್ಕೆ ಎರಡರಂತೆ ವ್ಯತ್ಯಾಸ ಬೀಳುವುದರಿಂದ ಗದಗಕ್ಕೆ 6, ಹುಬ್ಬಳ್ಳಿಗೆ 18. ಫೈಲನ್ನು ಬೈನರಿ ಮೋಡ್‌ನಲ್ಲಿ ತೆರೆದು, ಬೈಟ್‌ಗಳ ಲೆಕ್ಕದಲ್ಲಿ ಅಂಕಣಗಳನ್ನು ಕತ್ತರಿಸಿಕೊಂಡು, ಆಮೇಲೆ ಪ್ರತಿ ಅಂಕಣವನ್ನು ಅಕ್ಷರಗಳಾಗಿ ಪರಿವರ್ತಿಸಿ. ಬೇರೆ ಸಂಘದಿಂದ ಬಂದ ಫೈಲು ಯಾವ ಬಗೆಯದೆಂದು ತಿಳಿಯಲು ಎಲ್ಲ 01 ಸಾಲುಗಳ ಬೈಟ್ ಉದ್ದವನ್ನು ಎಣಿಸಿ ನೋಡಿ. ಬೇರೆ ಬೇರೆ ಊರುಗಳಿದ್ದರೂ ಉದ್ದ ಒಂದೇ ಇದ್ದರೆ ಅದು ಬೈಟ್ ಲೆಕ್ಕದ ಫೈಲು. ಸಾಲಿನ ಕೊನೆಯ ಖಾಲಿ ಜಾಗವನ್ನು ಅಳಿಸುವ ಎಡಿಟರ್‌ನಲ್ಲಿ ಅದನ್ನು ಒಮ್ಮೆಯೂ ಸೇವ್ ಮಾಡಿರಬಾರದು.

ಬೈಟ್ ಲೆಕ್ಕ ಸರಿಯಾದ ಮೇಲೂ ಲಕ್ಷ್ಮೇಶ್ವರದ ಸದಸ್ಯರ ಸಾಲುಗಳನ್ನು ತೆರೆದು ನೋಡಿ. ಆ ಹೆಸರಿಗೆ 11 ಸಂಕೇತ, 33 ಬೈಟ್ ಬೇಕು. 30ಕ್ಕೆ ಕತ್ತರಿಸಿದರೆ ಕೊನೆಯ ರಕಾರ ಹೋಗಿ ‘ಲಕ್ಷ್ಮೇಶ್ವ’ ಎಂದಷ್ಟೇ ಉಳಿದಿರುತ್ತದೆ. ಅಂಕಣ 32 ಬೈಟಿನದಾಗಿದ್ದರೆ ಅರೆಬರೆ ಎರಡು ಬೈಟ್ ಉಳಿದು ಪರಿವರ್ತನೆಯೇ ದೋಷ ಕೊಡುತ್ತಿತ್ತು. 30 ಮೂರರಿಂದ ಭಾಗವಾಗುವ ಕಾರಣ ನಿಮಗೆ ದೋಷ ಕಾಣದೆ ಬರೀ ಮೊಟಕಾದ ಹೆಸರು ಸಿಗುತ್ತದೆ. ಊರಿನ ಹೆಸರುಗಳನ್ನು ಬೇರೊಂದು ಪಟ್ಟಿಯೊಂದಿಗೆ ಹೊಂದಿಸುವಾಗ ಇದು ಕಾಡುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲಿದೆ. ಸದಸ್ಯ ಸಂಖ್ಯೆ ಸಿಗದ 01 ಸಾಲನ್ನು ಬಿಟ್ಟು ಮುಂದೆ ಹೋದರೆ ಅದರ ಕೆಳಗಿನ 02 ಮತ್ತು 03 ಸಾಲುಗಳು ಎಲ್ಲಿಗೆ ಹೋದವು? ಆ ಸಾಲುಗಳಲ್ಲಿ ಏನೂ ಕೆಟ್ಟಿಲ್ಲ, ಆದ್ದರಿಂದ ಪ್ರೋಗ್ರಾಂ ಅವನ್ನು ಒಪ್ಪಿಕೊಂಡು ಹಿಂದಿನ ಸದಸ್ಯರಿಗೆ ಜೋಡಿಸಿರುತ್ತದೆ. ಒಬ್ಬರ ಸಾಲ ಇನ್ನೊಬ್ಬರ ಖಾತೆಗೆ ಬಿದ್ದಿರುತ್ತದೆ. ಈಗಾಗಲೇ ಸಾಗಿಸಿದ ಮಾಹಿತಿಯನ್ನು ಹಾಗೆಯೇ ಇಟ್ಟುಕೊಂಡು ತಿದ್ದಲು ಹೋಗಬೇಡಿ, ಪೂರ್ತಿ ತೆಗೆದು ಮೂಲ ಫೈಲಿನಿಂದ ಮತ್ತೆ ತುಂಬಿಸಿ. ಸಾದಾ ಪಟ್ಟಿಯಲ್ಲಿ ಕೆಟ್ಟ ಸಾಲನ್ನು ಬಿಡುವುದರಿಂದ ಒಂದು ಸಾಲು ಮಾತ್ರ ನಷ್ಟವಾಗುತ್ತದೆ. ಶ್ರೇಣಿಯುಳ್ಳ ಫೈಲಿನಲ್ಲಿ ತಂದೆ ಸಾಲು ಕೆಟ್ಟಿದ್ದರೆ ಅದರ ಮುಂದಿನ 01 ಬರುವವರೆಗಿನ ಎಲ್ಲ ಸಾಲುಗಳನ್ನೂ ಒಟ್ಟಿಗೆ ಪಕ್ಕಕ್ಕಿಟ್ಟು, ಬೇರೊಂದು ಫೈಲಿಗೆ ಬರೆದು, ಕೈಯಾರೆ ಪರಿಶೀಲಿಸಬೇಕು.

ಪ್ರಶ್ನೆ: ಹುಬ್ಬಳ್ಳಿಯಲ್ಲಿಯೇ ಕುಳಿತು ಅಮೆರಿಕದ ಗ್ರಾಹಕರೊಬ್ಬರಿಗಾಗಿ ಎಕ್ಸ್12 ಮಾದರಿಯ 837 ವೈದ್ಯಕೀಯ ಕ್ಲೈಮ್ ಫೈಲುಗಳನ್ನು ಓದುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಇಡೀ ಫೈಲನ್ನು ಮರವಾಗಿ ಮೆಮೊರಿಯಲ್ಲಿ ಕಟ್ಟುತ್ತೇನೆ, ದೊಡ್ಡ ಫೈಲು ಬಂದರೆ ಮೆಮೊರಿ ಸಾಲದು. ಕ್ಲೈಮ್ ಒಮ್ಮೆ ವಿಮೆದಾರರ (ವಿಮೆ ಮಾಡಿಸಿದವರ) ಕೆಳಗೆ, ಒಮ್ಮೆ ರೋಗಿಯ ಕೆಳಗೆ ಬರುವುದು ಏಕೆ?

ಉತ್ತರ: ಇಡೀ ಮರ ಬೇಕಾಗಿಲ್ಲ. ಈ ಫೈಲುಗಳಲ್ಲಿ ತಂದೆ ಯಾವಾಗಲೂ ಮಕ್ಕಳಿಗಿಂತ ಮೊದಲು ಬರುವುದರಿಂದ, ಒಂದು ಕ್ಲೈಮ್ ಮುಗಿದೊಡನೆ ಅದನ್ನೂ ಅದರ ಮೇಲಿನ ಹಿರಿಯರ ಪ್ರತಿಯನ್ನೂ ಸೇರಿಸಿ ಹೊರಗೆ ಬರೆದು, ಕ್ಲೈಮನ್ನು ಮಾತ್ರ ಮೆಮೊರಿಯಿಂದ ಬಿಟ್ಟುಬಿಡಬಹುದು. ಮೆಮೊರಿಯಲ್ಲಿ ಉಳಿಯುವುದು ಬೇರಿನಿಂದ ಈಗಿನ ಕೊಂಬೆಯವರೆಗಿನ ದಾರಿ ಮಾತ್ರ, ಫೈಲು ಎಷ್ಟೇ ಉದ್ದವಿದ್ದರೂ ಅದು ಬೆಳೆಯುವುದಿಲ್ಲ. ಕ್ಲೈಮ್ ಮುಗಿಯಿತೆಂದು ತಿಳಿಯುವುದು ಮುಂದಿನ ಸಾಲು ನೋಡಿದಾಗಲೇ ಆದ್ದರಿಂದ ಒಂದು ಸಾಲು ಮುಂದೆ ಓದಿಟ್ಟುಕೊಳ್ಳುವ ಪದ್ಧತಿ ಅನುಕೂಲ. ಫೈಲು ಮುಗಿದಾಗ ಕೊನೆಯ ಕ್ಲೈಮ್ ಕೈಯಲ್ಲೇ ಉಳಿದಿರುತ್ತದೆ, ಅದನ್ನು ಬರೆಯಲು ಮರೆಯುವುದು ಬಹಳ ಸಾಮಾನ್ಯ.

ಎರಡನೆಯ ಮಾತಿಗೆ ಎಚ್‌ಎಲ್ ಸಾಲು ನೋಡಿ. ಅದರಲ್ಲಿ ತನ್ನ ಸಂಖ್ಯೆ, ತಂದೆಯ ಸಂಖ್ಯೆ ಮತ್ತು ಮಟ್ಟದ ಕೋಡ್ ಇರುತ್ತವೆ: 20 ಬಿಲ್ ಮಾಡುವವರು, 22 ವಿಮೆದಾರರು, 23 ರೋಗಿ. ವಿಮೆದಾರರೇ ರೋಗಿಯಾಗಿದ್ದರೆ 23ರ ಸಾಲು ಬರುವುದೇ ಇಲ್ಲ, ಕ್ಲೈಮ್ ನೇರವಾಗಿ 22ರ ಕೆಳಗೆ ಕೂರುತ್ತದೆ. ಆದ್ದರಿಂದ ಕ್ಲೈಮ್‌ಗೆ ಎರಡು ಬಗೆಯ ತಂದೆಯನ್ನು ನಿಮ್ಮ ಕೋಷ್ಟಕ ಒಪ್ಪಬೇಕು. ಅಂಕಣ ಬೇರ್ಪಡಿಸುವ ಚಿಹ್ನೆ ನಕ್ಷತ್ರವೇ ಎಂದು ಪ್ರೋಗ್ರಾಂನಲ್ಲಿ ಬರೆದಿಟ್ಟಿದ್ದರೆ ತೆಗೆದುಹಾಕಿ. ಮೊದಲ ಐಎಸ್‌ಎ ಸಾಲು ಯಾವಾಗಲೂ 106 ಸ್ಥಾನಗಳದ್ದು, ಅದರ 4ನೆಯ ಸ್ಥಾನದಲ್ಲಿರುವುದು ಅಂಕಣದ ಚಿಹ್ನೆ, 106ನೆಯದು ಸಾಲಿನ ಕೊನೆಯ ಚಿಹ್ನೆ. ಕಳುಹಿಸುವವರು ಬದಲಾದರೆ ಇವೂ ಬದಲಾಗಬಹುದು.

ಪ್ರಶ್ನೆ: ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿ. ಪ್ರಾಜೆಕ್ಟಿಗಾಗಿ ಅಮೆರಿಕದ ಎಸಿಎಚ್ (ಬ್ಯಾಂಕುಗಳ ನಡುವೆ ಹಣ ವರ್ಗಾಯಿಸುವ ಜಾಲ) ಬ್ಯಾಂಕಿಂಗ್ ಫೈಲಿನ ಮಾದರಿಯೊಂದನ್ನು ಓದುತ್ತಿದ್ದೇನೆ. ಕೊನೆಯಲ್ಲಿ 9ರಿಂದ ಶುರುವಾಗುವ ಸಾಲುಗಳು ಹಲವು ಇವೆ, ಯಾವುದು ಫೈಲಿನ ಮುಕ್ತಾಯದ ಸಾಲು?

ಉತ್ತರ: ಮೊದಲನೆಯದು. ಈ ಮಾದರಿಯಲ್ಲಿ ಪ್ರತಿ ಸಾಲು 94 ಸ್ಥಾನಗಳದ್ದು, 1 ಫೈಲಿನ ಆರಂಭ, 5 ಬ್ಯಾಚಿನ ಆರಂಭ, 6 ವಹಿವಾಟು, 7 ಅದರ ಪೂರಕ ಮಾಹಿತಿ, 8 ಬ್ಯಾಚಿನ ಮುಕ್ತಾಯ, 9 ಫೈಲಿನ ಮುಕ್ತಾಯ. ಒಟ್ಟು ಸಾಲುಗಳು 10ರ ಗುಣಕವಾಗಬೇಕೆಂಬ ನಿಯಮವಿರುವುದರಿಂದ ಉಳಿದ ಜಾಗವನ್ನು 94 ಒಂಬತ್ತುಗಳ ಸಾಲುಗಳಿಂದ ತುಂಬಿಸುತ್ತಾರೆ. ಮುಕ್ತಾಯದ ಸಾಲು ಕಂಡ ಮೇಲೆ ನಿಮ್ಮ ಪ್ರೋಗ್ರಾಂ ಪೂರ್ತಿ ಒಂಬತ್ತುಗಳ ಸಾಲನ್ನು ಬಿಟ್ಟು ಬೇರೇನನ್ನೂ ಒಪ್ಪಬಾರದು. ಅಲ್ಲಿ ಇನ್ನೊಂದು 1 ಕಂಡರೆ ಯಾರೋ ಎರಡು ಫೈಲುಗಳನ್ನು ಒಂದಕ್ಕೊಂದು ಅಂಟಿಸಿರುವ ಸಾಧ್ಯತೆ ಹೆಚ್ಚು.